ತಡವಾಗಿ ಬಂದ ನಾಮಪತ್ರ

ಆಸ್ಪತ್ರೆಯಲ್ಲಿ ಅಕ್ಕನನ್ನು ದೊಡ್ಡ ಡಾಕ್ಟರೆಂದೂ ತಂಗಿಯನ್ನು ಚಿಕ್ಕ ಡಾಕ್ಟರೆಂದೂ ಕರೆಯುತ್ತಿದ್ದರು. ಅಕ್ಕ ನರರೋಗ ತಜ್ಞೆ, ತಂಗಿ ಮನೋವೈದ್ಯೆ. ಇಬ್ಬರೂ ಒಂದೇ ವೈದ್ಯರ ಸಂಘದ ಸದಸ್ಯರು. ಆ ಸಂಘಕ್ಕೆ ಹದಿನೆಂಟು ವರ್ಷದಿಂದ ಅಕ್ಕನೇ ಕಾರ್ಯದರ್ಶಿ. ಸಭೆ ಕರೆಯುವುದು, ನಡಾವಳಿ ಬರೆಯುವುದು, ನರದವರೂ ಮನಸ್ಸಿನವರೂ ಕಿತ್ತಾಡಿದರೆ ನಡುವೆ ನಿಂತು ಬಿಡಿಸುವುದು, ಎಲ್ಲವೂ ಆಕೆಯ ತಲೆಗೇ. ಈ ಸಲ ಅಧ್ಯಕ್ಷೆ ತಾನೇ ಎಂದು ಸೀರೆಯನ್ನೂ ತೆಗೆದಿಟ್ಟಿದ್ದಳು.

ಅಷ್ಟರಲ್ಲಿ ಮಾತು ನಿಂತುಹೋಗಿದ್ದ ಮೇಷ್ಟ್ರೊಬ್ಬರು ಬಂದರು. ಅಕ್ಕ ಎರಡು ತಿಂಗಳು ಇರೋಬರೋ ಪರೀಕ್ಷೆಯನ್ನೆಲ್ಲ ಮಾಡಿಸಿ, 'ನರದಲ್ಲಿ ದೋಷವಿಲ್ಲ' ಎಂದು ಬರೆದು ತಂಗಿಯ ಬಳಿ ಸಾಗಹಾಕಿದಳು. ಮೂರೇ ವಾರಕ್ಕೆ ಮೇಷ್ಟ್ರು ಪಟಪಟ ಮಾತಾಡತೊಡಗಿದರು. ವಾರ್ಡಿನ ತುಂಬ ಚಿಕ್ಕ ಡಾಕ್ಟರ ಗುಣಗಾನ. ಅಕ್ಕನ ಹೊಟ್ಟೆಯಲ್ಲಿ ಕೆಂಡ ಹೊಗೆಯಾಡಿತು.

ಅಧ್ಯಕ್ಷ ಸ್ಥಾನದ ನಾಮಪತ್ರಕ್ಕೆ ಕಡೇ ದಿನ, ಸಂಜೆ ಐದರವರೆಗೆ ಗಡುವು. ಐದಕ್ಕೆ ಇನ್ನೂ ಹತ್ತು ನಿಮಿಷವಿದ್ದಾಗ ತಂಗಿ ಸಂಘದ ಕೋಣೆಗೆ ಬಂದಳು.

"ಅಕ್ಕಾ, ಜೂನಿಯರ್‌ಗಳು ಬಿಡ್ಲೇ ಇಲ್ಲ, ನಾಮಪತ್ರ ತುಂಬಿ ಕೈಗೇ ಕೊಟ್ಬಿಟ್ರು. ನಿಂಗೆ ಬೇಜಾರಿಲ್ಲ ತಾನೆ?"

"ನಂಗ್ಯಾಕೆ ಬೇಜಾರು? ಇಟ್ಟು ಹೋಗು."

ತಂಗಿ ಹೋದ ಮೇಲೆ ಅಕ್ಕ ಮೊಹರು ಒತ್ತಿ, ಪಕ್ಕದಲ್ಲಿ 'ಐದು ಇಪ್ಪತ್ತು' ಎಂದು ಬರೆದಳು. ಮಾರನೆಯ ದಿನ ತಡವಾಗಿ ಬಂತೆಂದು ತಂಗಿಯ ನಾಮಪತ್ರ ತಿರಸ್ಕೃತವಾದ ಸುದ್ದಿ ನೋಟೀಸು ಬೋರ್ಡಿನಲ್ಲಿತ್ತು.

ತಂಗಿ ಅದನ್ನು ಓದಿ ನಕ್ಕಳು. "ಗಡಿಯಾರ ನೋಡೋ ಅಭ್ಯಾಸ ನಂಗೆಲ್ಲಿದೆ! ಹೋಗ್ಲಿ ಬಿಡು, ನೀನಾದ್ರೆ ನಾನಾದ ಹಾಗೇ."

ಅವಳು ಜಗಳಕ್ಕೆ ಬಂದಿದ್ದರೆ ಅಕ್ಕ ನಿಭಾಯಿಸುತ್ತಿದ್ದಳು. ಈ ನಂಬಿಕೆಯನ್ನು ನಿಭಾಯಿಸುವುದು ಹೇಗೆಂದೇ ತಿಳಿಯಲಿಲ್ಲ.

ವಾರ್ಷಿಕ ಸಭೆಯಲ್ಲಿ ಹಳೇ ಅಧ್ಯಕ್ಷರು ಎದ್ದು ಅಕ್ಕನ ಅವಿರೋಧ ಆಯ್ಕೆಯನ್ನು ಘೋಷಿಸಿದರು. ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವಳು ತಂಗಿ. ಅವಳ ಕಣ್ಣು ತುಂಬಿತ್ತು. ಅಕ್ಕನ ಮೈಯೆಲ್ಲ ಉರಿದುಹೋಯಿತು. ರೋಗಿಗಳನ್ನು ಗೆದ್ದಳು, ಜೂನಿಯರ್‌ಗಳನ್ನು ಗೆದ್ದಳು, ಈಗ ಒಳ್ಳೆಯತನದಲ್ಲೂ ಇವಳೇ ಗೆಲ್ಲಬೇಕೆ?

ಅಕ್ಕ ಮೈಕು ಹಿಡಿದಳು. "ನಿಲ್ಲಿ. ನನ್ನ ತಂಗಿಯ ನಾಮಪತ್ರ ಐದಕ್ಕೆ ಮುಂಚೆಯೇ ಬಂದಿತ್ತು. ವೇಳೆ ನಾನು ಸುಳ್ಳು ಬರೆದೆ. ಮತದಾನ ಆಗಲಿ."

ಚೀಟಿ ಹಂಚಿದರು, ಎಣಿಸಿದರು. ತಂಗಿ ಎಪ್ಪತ್ತೊಂದು, ಅಕ್ಕ ಹದಿನಾರು. ತಪ್ಪೊಪ್ಪಿಕೊಂಡವಳಿಗೆ ಹದಿನಾರಾದರೂ ಬಿದ್ದವಲ್ಲ ಎಂದು ಹಳೇ ಅಧ್ಯಕ್ಷರು ತಂಗಿಯ ಕೊರಳಿಗೆ ಅಧ್ಯಕ್ಷರ ಪದಕ ಹಾಕುತ್ತ ಗೊಣಗಿದ್ದು ಮುಂದಿನ ಸಾಲಿಗೆಲ್ಲ ಕೇಳಿಸಿತು.

ಸಭೆ ಮುಗಿದ ಮೇಲೆ ತಂಗಿ ಮೆಟ್ಟಿಲ ಬಳಿ ಅಕ್ಕನನ್ನು ತಡೆದು ನಿಲ್ಲಿಸಿದಳು. ಮುಖ ಬಿಳಿಚಿತ್ತು.

"ಯಾಕೆ ಹೀಗ್ ಮಾಡ್ದೆ?"

"ಹೊಟ್ಟೆಕಿಚ್ಚು ಕಣೇ."

"ಎಷ್ಟು ದಿನದಿಂದ?"

"ಡಾಕ್ಟರ ಹಾಗೆ ಕೇಳ್ಬೇಡ. ನೀನು ಹುಟ್ಟಿದಾಗ್ನಿಂದ."

ತಂಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಂಗೆ ತುಂಬಾ ಕೋಪ ಬಂದಿದೆ, ಅಕ್ಕಾ. ಒಂದಷ್ಟು ದಿನ ನಿನ್ ಜೊತೆ ಮಾತಾಡೋದಿಲ್ಲ."

"ಆಗ್ಲಿ. ಕಾರ್ಯದರ್ಶಿ ಕೆಲ್ಸಕ್ಕೂ ಬೇರೆಯವರನ್ನ ನೋಡ್ಕೋ."

ತಂಗಿ ತಿರುಗಿ ನೋಡದೆ ಇಳಿದು ಹೋದಳು. ಅವಳ ಕೊರಳಲ್ಲಿದ್ದ ಅಧ್ಯಕ್ಷರ ಪದಕವನ್ನು ಅಕ್ಕ ಮರೆಯಾಗುವವರೆಗೂ ನೋಡುತ್ತ ನಿಂತಳು. ಮನಸ್ಸು ಹಗುರಾಗಿತ್ತು, ನಿಜ. ಆ ಪದಕ ತನಗೇ ಹೆಚ್ಚು ಒಪ್ಪುತ್ತಿತ್ತು ಅನ್ನಿಸಿದ್ದೂ ನಿಜ.