ಗುರುಗಳ ಲೆನ್ಸಿಗೆ ಕಟ್ಟಿದ ಬೆಲೆ

"ಜಾಸ್ತಿ ಬೆಲೆ ಬಾಳೋದಾದ್ರೆ ಕೊಡೋಕಾಗಲ್ಲ, ಮೊದಲೇ ಹೇಳ್ಬಿಡ್ತೀನಿ," ಎಂದರು ತೊಮಿಯೊ ಅಮ್ಮ, ಗಂಡನ ಫೋಟೊದ ಮುಂದಿನ ಊದುಬತ್ತಿಯ ಬೂದಿಯನ್ನು ಸಮ ಮಾಡುತ್ತ. "ನೆನಪಿಗೆ ಅಂತ ಕೊಡೋ ವಸ್ತು ತಗೊಂಡೋರಿಗೆ ಹೊರೆ ಆಗಬಾರದು. ಹೊರೆ ಆಯ್ತೋ, ಸತ್ತೋರಿಗೂ ನೆಮ್ಮದಿ ಇಲ್ಲ, ಬದುಕಿರೋರಿಗೂ ಇಲ್ಲ. ನೀನೇ ನೋಡಿ ಹೇಳು ಮಸುಯೊ. ಅಗ್ಗದ್ದಾದ್ರೆ ಇವತ್ತೇ ಹೊನಾಮಿ ಕೈಗೆ ಇಟ್ಬಿಡ್ತೀನಿ. ಇಲ್ಲಾಂದ್ರೆ ಮಾರಿ ಇವರ ಬೂದಿ ಇಡೋ ಗೋರಿಗೆ ಒಂದು ಒಳ್ಳೆ ಕಲ್ಲು ಹಾಕ್ಸೋದು."

ಚಾಪೆಯ ಮೇಲಿನ ಗಿಡ್ಡ ಮೇಜಿನಲ್ಲಿ, ನೀಲಿ ಬಟ್ಟೆಯ ಮೇಲೆ, ಆ ಗಂಡನ, ಕೆಳಗಿನ ಫೋಟೊ ಸ್ಟುಡಿಯೋ ನಡೆಸುತ್ತಿದ್ದ ಓಗುಚಿ ಗುರುಗಳ, ಲೆನ್ಸ್ ಕೂತಿತ್ತು. ಅವರು ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಕಾರ್ಯ ಮುಗಿದು, ಮಂತ್ರ ಹೇಳಿದ ಭಿಕ್ಷುಗಳು ಸ್ಕೂಟರ್ ಹತ್ತಿ ಹೊರಟುಹೋಗಿದ್ದರು. ಬಂದಿದ್ದ ನೆಂಟರು ಊಟ ಮುಗಿಸಿ, ಸಿಹಿ ಹೂರಣ ತುಂಬಿದ ಬನ್ನು ಕಟ್ಟಿಸಿಕೊಂಡು ಹೋಗಿದ್ದೂ ಆಗಿತ್ತು. ಉಳಿದವರು ಮನೆಯವರಂತಿದ್ದ ಇಬ್ಬರು ಹೆಂಗಸರೇ: ಇಪ್ಪತ್ತೈದು ವರ್ಷದಿಂದ ಸ್ಟುಡಿಯೋದಲ್ಲಿ ದುಡಿದ ಮಸುಯೊ, ಆರು ವರ್ಷದ ಹಿಂದೆ ಬಂದ ಹೊನಾಮಿ. ಹೊನಾಮಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆ ಸದ್ದು ಕೂಡ ಮಸುಯೊಗೆ ಯಾಕೋ ಹಿಡಿಸಲಿಲ್ಲ. ತನ್ನದೇ ಮನೆ ಅನ್ನೋ ಹಾಗೆ ತೊಳೆಯುತ್ತಿದ್ದಾಳಲ್ಲ!

ಮಸುಯೊ ಪಾಲಿಗೆ ಆಗಲೇ ಬಂದಾಗಿತ್ತು. ಬಿಳಿ ಕಾಗದದಲ್ಲಿ ಸುತ್ತಿದ, ಗುರುಗಳು ಚಳಿಗಾಲದಲ್ಲಿ ಸುತ್ತಿಕೊಳ್ಳುತ್ತಿದ್ದ ಬೂದು ಮಫ್ಲರು. ಎರಡೂ ಕೈ ಚಾಚಿ ತೆಗೆದುಕೊಂಡು, ಹಣೆ ಚಾಪೆಗೆ ತಾಗುವಷ್ಟು ಬಾಗಿ ನಮಸ್ಕಾರ ಮಾಡಿದ್ದಳು. ಒಳಗೆ ಮಾತ್ರ ಲೆಕ್ಕ ಹಾಕಿದ್ದಳು. ಇಷ್ಟು ವರ್ಷ ಮದುವೆ ಹುಡುಗಿಯರ ಫೋಟೊಗಳಲ್ಲಿ ಮೊಡವೆ ಅಳಿಸಿದ್ದು, ಗುರುಗಳಿಗೆ ಕೆಮ್ಮು ಬಂದಾಗ ಕತ್ತಲೆಕೋಣೆಯಲ್ಲಿ ತಾನೊಬ್ಬಳೇ ನಿಂತು ಪ್ರಿಂಟು ಹಾಕಿದ್ದು, ಗಿರಾಕಿ ಕಮ್ಮಿಯಾದ ಮೇಲೆ ಮುಂಬಾಗಿಲ ಗಾಜಿನ ಕಪಾಟಿನಲ್ಲಿ ಹಳೆಯ ಕ್ಯಾಮೆರಾ ಕೊಂಡು ಮಾರಿ ಅಂಗಡಿ ನಡೆಸಿದ್ದು, ಎಲ್ಲಕ್ಕೂ ಸೇರಿ ಒಂದು ಮಫ್ಲರು. ನಿನ್ನೆ ಮೊನ್ನೆ ಬಂದವಳಿಗೆ ಲೆನ್ಸು!

ಅದೂ ಈ ಲೆನ್ಸು. ಇದನ್ನು ಮಸುಯೊ ಇವತ್ತಿನವರೆಗೆ ಮುಟ್ಟಿರಲಿಲ್ಲ. ಸ್ಟುಡಿಯೋದ ಬೇರೆಲ್ಲ ಸಾಮಾನು ಒರೆಸುವುದು ಅವಳ ಕೆಲಸ, ಇದೊಂದನ್ನು ಮಾತ್ರ ಗುರುಗಳು ತಾವೇ ಒರೆಸಿ, ತಾವೇ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮುಚ್ಚುತ್ತಿದ್ದರು. ಮುಖ ತೆಗೆಯುವ ಲೆನ್ಸು ಅದು. ಹೆಣ್ಣು ನೋಡುವವರಿಗೆ ಕಳಿಸುವ ಹುಡುಗಿಯರ ಫೋಟೊ, ಅರವತ್ತು ತುಂಬಿದವರು ಶುಭಕ್ಕೆಂದು ಕೆಂಪು ಟೋಪಿ ಹಾಕಿ ತೆಗೆಸಿಕೊಳ್ಳುವ ಫೋಟೊ, ಎಲ್ಲ ಅದರಲ್ಲೇ. ಕಳೆದ ವರ್ಷ ಗುರುಗಳ ಕೈ ನಡುಗತೊಡಗಿದಾಗ ಮಸುಯೊ ಒಳಗೊಳಗೇ ಕಾದಳು. ಈಗ ಕರೆದಾರು, ನಾಳೆ ಕರೆದಾರು. ಕರೆದರು, ಹೊನಾಮಿಯನ್ನು. "ಬಾರಮ್ಮ, ನೀನು ಹಿಡ್ಕೋ" ಅಂದುಬಿಟ್ಟರು, ಇವಳು ಪಕ್ಕದಲ್ಲೇ ದೀಪದ ಕಂಬ ಹಿಡಿದು ನಿಂತಿರುವಾಗ. ಅವತ್ತು ಹತ್ತಿಕೊಂಡ ಹೊಟ್ಟೆಕಿಚ್ಚು ಇವತ್ತಿಗೂ ಆರಿಲ್ಲ. ಮನುಷ್ಯ ಸತ್ತು ಬೂದಿಯಾದರೂ ಆರಿಲ್ಲ ಅಂದರೆ ಏನು ಹೇಳೋದು!

"ನೋಡ್ತೀನಿ ಅಮ್ಮಾವ್ರೇ," ಎಂದು ಮಸುಯೊ ಚೀಲದಿಂದ ಪೆನ್ನಿನಷ್ಟು ಸಣ್ಣ ಟಾರ್ಚು ತೆಗೆದಳು.

ಕೈಗೆತ್ತಿಕೊಂಡ ಕೂಡಲೇ ಅದರ ತೂಕ ಅಂಗೈಗೆ ಇಳಿಯಿತು. ಒಳ್ಳೆಯ ಹಿತ್ತಾಳೆ. ಮುಂದಿನ ಗಾಜಿನ ಸುತ್ತಲಿನ ಬಳೆಯ ಮೇಲೆ ಕಿಸೊಯಾ ಎಂದು ಕೊರೆದಿತ್ತು. ಎಂದೋ ಬಾಗಿಲು ಮುಚ್ಚಿದ ಕಂಪನಿ. ಕಿಸೊಯಾದ ಎಂಬತ್ತೈದು ಮಿಲಿಮೀಟರ್ ಲೆನ್ಸು ಅಂದರೆ ಟೋಕಿಯೋದ ಹಳೆ ಅಂಗಡಿಗಳಲ್ಲಿ ಬೇಕಾದಷ್ಟು ಬಿದ್ದಿರುತ್ತವೆ, ಎರಡು ಹೊತ್ತು ಒಳ್ಳೆ ಊಟದ ದುಡ್ಡಿಗೆ ಬರುತ್ತವೆ. ಆದರೆ ಮೊದಲ ಕಂತಿನಲ್ಲಿ ಮಾಡಿದ ಕೆಲವು ಮಾತ್ರ ಬೇರೆ. ಅವುಗಳ ಗಾಜು ಬೇರೆ, ಬೆಳಕಿನ ತೂತನ್ನು ಹಿಗ್ಗಿಸಿ ಕುಗ್ಗಿಸುವ ಒಳಗಿನ ಎಸಳುಗಳೂ ಬೇರೆ. ಕಂಪನಿಗೆ ಖರ್ಚು ಗಿಟ್ಟಲಿಲ್ಲ ಅಂತ ಬೇಗನೇ ನಿಲ್ಲಿಸಿಬಿಟ್ಟಿದ್ದರು. ಅಂಥದ್ದು ಸಿಕ್ಕಿತು ಅಂದರೆ ಹುಚ್ಚು ಹಿಡಿದವರು ಆಸ್ತಿ ಬರೆದುಕೊಡುತ್ತಾರೆ.

ಅದೇ ಆಗಿರಲಿ ಎಂದು ಮಸುಯೊ ಬೇಡಿಕೊಂಡಳು. ತನ್ನ ಬೇಡಿಕೆ ತನಗೇ ವಿಚಿತ್ರವಾಗಿ ಕೇಳಿಸಿತು. ಲೆನ್ಸು ದುಬಾರಿಯಾದಷ್ಟೂ ಅದು ಹೊನಾಮಿಗೆ ದೂರ. ತಾನು ಸುಳ್ಳು ಹೇಳಬೇಕಾಗಿಲ್ಲ, ಯಾರ ಮೇಲೂ ಚಾಡಿ ಹೇಳಬೇಕಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ಹೊಟ್ಟೆಕಿಚ್ಚಿಗೆ ಇಷ್ಟು ಮರ್ಯಾದಸ್ತ ದಾರಿ ಸಿಗುವುದು ಅಪರೂಪ.

ಕಿಟಕಿಯ ಕಡೆ ತಿರುಗಿ ಕೂತು ಮಸುಯೊ ಲೆನ್ಸಿನ ಬಾಯಿ ಕಿರಿದು ಮಾಡುತ್ತ ಹೋದಳು. ಸಾಮಾನ್ಯದ್ದಾದರೆ ಒಳಗಿನ ತೂತು ಮೂಲೆ ಮೂಲೆಯಾಗಿ ಮುಚ್ಚಿಕೊಳ್ಳಬೇಕು. ಇಲ್ಲಿ ಎಸಳುಗಳು ಒಂದರ ಮೇಲೊಂದು ಜಾರಿ, ತೂತು ಕೊನೆಯವರೆಗೂ ದುಂಡಗೇ ಉಳಿಯಿತು. ಬಲ್ಬಿನ ಕೆಳಗೆ ಓರೆ ಹಿಡಿದಳು. ಗಾಜಿನಲ್ಲಿ ಮೂಡಿದ ಬಲ್ಬಿನ ಪ್ರತಿಬಿಂಬಗಳಲ್ಲಿ ನೀಲಿ ಬಿಟ್ಟರೆ ಬೇರೆ ಬಣ್ಣವೇ ಇಲ್ಲ, ಆ ಬೇರೆ ಗಾಜಿನ ಗುರುತೇ ಅದು. ಮೊದಲ ಕಂತಿನದೇ!

ಇನ್ನು ಒಳಗೆ ಬೂಷ್ಟು ಹಿಡಿಯದಿದ್ದರೆ ಆಯಿತು. ಹಿಂದಿನಿಂದ ಟಾರ್ಚು ಬಿಟ್ಟು ನೋಡಿದಳು. ಹಿಂಬದಿಯ ಗಾಜಿನಲ್ಲಿ ಹಾಲು ಚೆಲ್ಲಿದಂಥ ಮಸುಕು. ಮಸುಕು ಒಳಗೆ ಕೂತಿದ್ದರೆ ಎಂಥ ಅಪರೂಪದ ಲೆನ್ಸೂ ಕಸಕ್ಕೆ ಸಮ, ಅಗ್ಗಕ್ಕಿಂತ ಅಗ್ಗ, ಸೀದಾ ಹೊನಾಮಿಯ ಮಡಿಲಿಗೆ. ಮಸುಯೊ ಮೆತ್ತನೆ ಬಟ್ಟೆ ತೆಗೆದು, ಉಸಿರು ಬಿಗಿಹಿಡಿದು, ನಡುವಿನಿಂದ ಅಂಚಿಗೆ ಸುತ್ತಿ ಸುತ್ತಿ ಒರೆಸಿದಳು. ಬಟ್ಟೆಗೆ ಜಿಡ್ಡು ಬಂತು. ಯಾರದೋ ಬೆರಳು ತಾಗಿದ್ದು, ಅಷ್ಟೇ. ಗಾಜು ಫಳಫಳ ಹೊಳೆಯಿತು. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಕಾಯಿಲೆಯ ಮಗುವಿಗೆ ಜ್ವರ ಬಿಟ್ಟಷ್ಟು.

ಹೊನಾಮಿ ಟೀ ತಟ್ಟೆ ಹಿಡಿದು ಬಂದು ಮಂಡಿಯೂರಿ ಕೂತಳು. ಕಪ್ಪುಡುಗೆಯ ತೋಳು ಮಡಚಿತ್ತು, ಕೈ ಇನ್ನೂ ಒದ್ದೆ.

"ಅಕ್ಕಾ, ಒಳಗೆ ಒಂದು ಸಣ್ಣ ಗುಳ್ಳೆ ಇದೆ ಅಲ್ವಾ?" ಎಂದಳು ಮೆಲ್ಲಗೆ. "ಅದು ದೋಷ ಅಲ್ವಾ?"

ಮಸುಯೊ ತಲೆಯೆತ್ತಿದಳು. ಗುಳ್ಳೆ ಇತ್ತು, ಸಾಸಿವೆಗಿಂತ ಚಿಕ್ಕದು. ನೋಡಿದವರೆಲ್ಲ ಮೊದಲು ಮಾಡುವ ತಪ್ಪು ಅದೇ. ಆ ಕಾಲದ ಒಳ್ಳೆಯ ಗಾಜು ಕಾಯಿಸುವಾಗ ಗುಳ್ಳೆ ಉಳಿಯುತ್ತಿತ್ತು. ಗುಳ್ಳೆ ಇಲ್ಲದಿದ್ದರೇ ಅನುಮಾನ ಪಡಬೇಕು. ಆದರೆ ತೊಮಿಯೊ ಅಮ್ಮನಿಗೆ ಇದೆಲ್ಲ ಎಲ್ಲಿ ಗೊತ್ತು? "ಹೌದಮ್ಮಾ, ಗುಳ್ಳೆ ಬಿದ್ದಿದೆ, ಕಾಸಿಗೂ ಬಾಳಲ್ಲ" ಅಂದರೆ ಮುಗಿಯಿತು. ಹೊನಾಮಿಯ ಕಣ್ಣು ತನ್ನ ಮುಖದ ಮೇಲೇ ಇರುವುದು ಕಾಣಿಸಿತು. ಓಹೋ, ಆಸೆ ನೋಡು ಇವಳದು! ಹೇಳಿಕೊಟ್ಟ ಹಾಗೆ ನಾನು ಹೇಳಬೇಕಂತೆ!

"ಗುಳ್ಳೆ ದೋಷ ಅಲ್ಲಮ್ಮ ತಾಯಿ," ಎಂದಳು ಮಸುಯೊ, ಒಂದೊಂದೇ ಮಾತು ಬಿಡಿಸಿ. "ಇದು ಇರೋದಕ್ಕೇ ಇದು ಅಸಲಿ. ಅಮ್ಮಾವ್ರೇ, ಇದು ಮೊದಲನೇ ಕಂತಿನದು. ದೇಶದಲ್ಲೆಲ್ಲ ಹುಡುಕಿದ್ರೂ ಇನ್ನೊಂದು ಸಿಗೋದು ಕಷ್ಟ. ಕಮ್ಮಿ ಅಂದ್ರೂ ಹತ್ತು ಲಕ್ಷ ಯೆನ್. ಟೋಕಿಯೋದವರ ಕೈಗೆ ಹೋದ್ರೆ ಇನ್ನೂ ಮೇಲೆ. ಇದನ್ನ ಯಾರಿಗಾದ್ರೂ ನೆನಪಿಗೆ ಅಂತ ಕೊಟ್ರೆ, ತಗೊಂಡೋರು ಜನ್ಮಪೂರ್ತಿ ತಲೆ ತಗ್ಗಿಸ್ಕೊಂಡು ಇರಬೇಕಾಗುತ್ತೆ."

ಕೊನೆಯ ಮಾತು ಬೇಕಿರಲಿಲ್ಲ. ಬಾಯಿಂದ ಬಿದ್ದ ಮೇಲೆ ಅವಳಿಗೂ ಹಾಗೇ ಅನಿಸಿತು.

"ಅಯ್ಯೋ ದೇವರೇ!" ತೊಮಿಯೊ ಅಮ್ಮ ಗಂಡನ ಫೋಟೊದ ಕಡೆ ತಿರುಗಿದರು. "ಕೇಳಿಸ್ತಾ ನಿಮಗೆ? ನನಗೊಂದು ಫ್ರಿಜ್ಜು ಕೊಡಿಸೋಕೆ ಮೂರು ವರ್ಷ ಮೀನ ಮೇಷ ಎಣಿಸಿದ್ರಿ! ಕಾರು ಬರೋ ದುಡ್ಡನ್ನ ಬಿಸ್ಕತ್ತಿನ ಡಬ್ಬೀಲಿ ಇಟ್ಕೊಂಡು ಕೂತಿದ್ರಾ?" ಆಮೇಲೆ ಹೊನಾಮಿಯ ಕೈ ಹಿಡಿದು, "ಬೇಜಾರು ಮಾಡ್ಕೋಬೇಡ ಕಣೆ. ಮಸುಯೊ ಬಾಯಲ್ಲಿ ಸುಳ್ಳು ಬರಲ್ಲ. ಅದಕ್ಕೇ ಅವಳನ್ನ ಕೇಳಿದ್ದು. ನಿಂಗೆ ಅವರ ಕೈಗಡಿಯಾರ ಕೊಡ್ತೀನಿ," ಎಂದರು.

ಹೊನಾಮಿ ತಲೆಬಾಗಿದಳು. ಅಳುತ್ತಾಳೇನೋ ಎಂದು ಮಸುಯೊ ಓರೆಗಣ್ಣಲ್ಲಿ ನೋಡಿದಳು. ಅಳಲಿಲ್ಲ.

"ಅಮ್ಮಾವ್ರೇ, ಮಾರೋ ಮುಂಚೆ ಇದರಲ್ಲಿ ಒಂದೇ ಒಂದು ಫೋಟೊ ತೆಗೀಲಾ?"

"ತೆಗಿಯಮ್ಮ, ಒಡೆದು ಹಾಕ್ಬೇಡ ಅಷ್ಟೇ. ಯಾರದು, ನನ್ನದಾ? ಅತ್ತೂ ಅತ್ತೂ ಕುಂಬಳಕಾಯಿ ಆಗಿದೆ ಮುಖ."

"ಅಲ್ಲ," ಎಂದಳು ಹೊನಾಮಿ. "ಅಕ್ಕಂದು."

ಬೇಡ ಎನ್ನಲು ಮಸುಯೊಗೆ ಕಾರಣ ಹೊಳೆಯಲಿಲ್ಲ. ಇಬ್ಬರೂ ಮೆಟ್ಟಿಲಿಳಿದು ಸ್ಟುಡಿಯೋಗೆ ಬಂದರು. ಗುರುಗಳು ಹೋದ ಮೇಲೆ ಹೀಟರು ಹಚ್ಚಿರಲಿಲ್ಲ. ಕಾಲಡಿಯ ಹಲಗೆ ಮಂಜಿನಂತೆ ತಣ್ಣಗಿತ್ತು. ಹೊನಾಮಿ ಬಡಗಣ ಕಿಟಕಿಯ ಪರದೆ ಸರಿಸಿ, ಸ್ಟೂಲು ಎಳೆದಿಟ್ಟು, ಲೆನ್ಸನ್ನು ಕ್ಯಾಮೆರಾಗೆ ತಿರುಗಿಸಿ ಕೂರಿಸಿದಳು. ಕೈ ಎಲ್ಲೂ ತಡವರಿಸಲಿಲ್ಲ. ಗುರುಗಳು ಕೂರಿಸುತ್ತಿದ್ದದ್ದೂ ಹೀಗೇ, ಕಣ್ಣಲ್ಲಿ ನೋಡದೆ, ಬೆರಳಲ್ಲೇ. ಮಸುಯೊ ಅದನ್ನು ನೋಡಿ ಹಲ್ಲು ಕಚ್ಚಿದಳು. ಬಂದುಬಿಟ್ಟಿದೆಯಲ್ಲ ಇವಳಿಗೆ!

ಸ್ಟೂಲಿನ ಮೇಲೆ ಕೂತ ಮೇಲೆ ಒಂದು ವಿಷಯ ಹೊಳೆಯಿತು. ಈ ಊರಿನ ಅರ್ಧ ಜನ ಕೂತೆದ್ದ ಈ ಜಾಗದಲ್ಲಿ ತಾನು ಕೂತದ್ದು ಇದೇ ಮೊದಲು. ದೀಪ ಹಿಡಿಯುವವಳನ್ನು ಯಾರು ಕೂರಿಸುತ್ತಾರೆ?

"ಅಕ್ಕಾ, ಒಂದು ಮಾತು ಹೇಳ್ಲಾ?" ಹೊನಾಮಿ ಕ್ಯಾಮೆರಾದ ಹಿಂದೆ ನಿಂತೇ ಕೇಳಿದಳು. "ಅದರ ಬೆಲೆ ನನಗೆ ಗೊತ್ತಿತ್ತು. ಗುರುಗಳು ಆಸ್ಪತ್ರೇಲಿ ಹೇಳಿದ್ರು."

ಇವಳಿಗೆ ಹೇಳಿದ್ದರು. ಹಳೆ ಕ್ಯಾಮೆರಾ ಮಾರುವ ತನಗೆ ಅಲ್ಲ, ಇವಳಿಗೆ!

"ಆದ್ರೂ ಅಮ್ಮಾವ್ರ ಹತ್ರ ಬಾಯಿ ಬಿಡಲಿಲ್ಲ. ಆಸೆ ಅಕ್ಕಾ, ಕೆಟ್ಟ ಆಸೆ. ಅಗ್ಗ ಅಂದ್ಕೊಂಡು ಕೊಟ್ಬಿಟ್ರೆ ಕೊಡ್ಲಿ ಅಂತ. ಗುಳ್ಳೆ ವಿಷಯ ಎತ್ತಿದ್ದೂ ಅದಕ್ಕೇ. ಎತ್ತಿದ ಮೇಲೆ ಭಯ ಆಯ್ತು." ಹೊನಾಮಿ ಮೂಗು ಒರೆಸಿಕೊಂಡಳು. "ನನ್ನ ಮೇಲಿನ ಅಕ್ಕರೆಗೆ ನೀವು ಎಲ್ಲಿ ಹೂಂ ಅಂದ್ಬಿಡ್ತೀರೋ ಅಂತ. ಒಂದಿನಾನೂ ಸುಳ್ಳು ಹೇಳದೇ ಇರೋರ ಬಾಯಲ್ಲಿ ನಾನು ಸುಳ್ಳು ಹೇಳಿಸ್ದಂಗೆ ಆಗ್ತಿತ್ತು. ನೀವು ನನ್ನ ಮುಖ ನೋಡಿದ್ರಿ ನೋಡಿ ಒಂದು ಸಲ, ಆಗ ಗೊತ್ತಾಯ್ತು, ನಿಮಗೆ ಎಷ್ಟು ಕಷ್ಟ ಆಗ್ತಿದೆ ಅಂತ. ಆದ್ರೂ ನಿಜಾನೇ ಹೇಳಿದ್ರಿ. ನನ್ನ ಒಳ್ಳೇದಕ್ಕೇ ಹೇಳಿದ್ರಿ."

ಹಾಗಲ್ಲ ಕಣೆ ಎನ್ನಬೇಕಿತ್ತು, ಅನ್ನದೆ ಮಸುಯೊ ಮಂಡಿಯ ಮೇಲಿನ ಬಟ್ಟೆಯ ಸುಕ್ಕು ತೀಡಿದಳು. ಬಯ್ದಿದ್ದರೆ ಬಯ್ಯಿಸಿಕೊಳ್ಳುತ್ತಿದ್ದಳು. ಅತ್ತಿದ್ದರೆ ಅದನ್ನೂ ನೋಡಿ, ಒಳಗೆ ಸ್ವಲ್ಪ ತಣ್ಣಗೆ ಮಾಡಿಕೊಳ್ಳುತ್ತಿದ್ದಳು. ಇದಕ್ಕೆ ಏನು ಮಾಡುವುದು?

"ಸರಿ, ಬೇಗ ತೆಗಿ. ಚಳಿ," ಎಂದಳು.

"ನಗಬೇಡಿ ಅಕ್ಕಾ. ಹಾಗೇ ಇರಿ, ಚೆನ್ನಾಗಿದೆ. ನನ್ನನ್ನೇ ನೋಡಿ."

ಹೊನಾಮಿಯ ಬೆರಳು ಲೆನ್ಸಿನ ಫೋಕಸ್ ಬಳೆಯನ್ನು ಮುಂದಕ್ಕೆ ತಿರುಗಿಸಿತು, ಕೂದಲೆಳೆಯಷ್ಟು ಹಿಂದಕ್ಕೆ ತಂದಿತು, ಮತ್ತೆ ಮುಂದಕ್ಕೆ. ಬಾಯಿ ಪೂರ್ತಿ ತೆರೆದಾಗ ಆ ಲೆನ್ಸು ಏನು ಮಾಡುತ್ತದೆಂದು ಮಸುಯೊಗೆ ಗೊತ್ತು. ಅದರ ಪ್ರಿಂಟುಗಳನ್ನು ನೀರಿನಿಂದ ಎತ್ತಿದ್ದು ಅವಳೇ ತಾನೆ. ಕೆನ್ನೆ, ಕತ್ತು, ನೆರೆತ ಕೂದಲು, ಎಲ್ಲವನ್ನೂ ಹೂವಿನಂತೆ ಮೆತ್ತಗೆ ಮಾಡಿಬಿಡುತ್ತದೆ. ಕಣ್ಣನ್ನು ಮಾತ್ರ ಬಿಡುವುದಿಲ್ಲ, ಅದರಲ್ಲಿ ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತದೆ.

"ಎಡಗಣ್ಣಿಗೆ ಫೋಕಸ್ ಕೂರಿಸ್ತಿದೀನಿ. ಅಲ್ಲಾಡಬೇಡಿ," ಎಂದಳು ಹೊನಾಮಿ.

ಮಸುಯೊ ಕಣ್ಣು ಮುಚ್ಚಿದಳು.

"ಅಕ್ಕಾ, ಕಣ್ಣು?"

"ತೆಗೀತೀನಿ, ಇರು."

ಮಹಡಿಯ ಮೇಲೆ ತೊಮಿಯೊ ಅಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಹೊನಾಮಿ ಕಾದಳು. ಬಳೆ ತಿರುಗುವ ಸದ್ದು ನಿಂತಿತ್ತು.

"ಇರು," ಎಂದಳು ಮಸುಯೊ ಮತ್ತೆ, ಮೊಣಕಾಲ ಮೇಲಿನ ಕೈಗಳನ್ನು ಬಿಗಿಯಾಗಿ ಹೆಣೆದುಕೊಂಡು. "ಇನ್ನೊಂಚೂರು ಇರು."