ನೊರೆಹೊಳೆಯ ದಡದ ನಾಗಲಕ್ಷ್ಮಮ್ಮ

ನಾಗಲಕ್ಷ್ಮಮ್ಮನವರು ಎದುರಿಗೆ ಮುಖಮಾಡಿ ನಡೆದುದನ್ನು ನಾನು ಕಂಡಿಲ್ಲ. ಹಾಲಿನ ಡೇರಿಗೆ ಹೊರಟರೂ ಅಂಗಡಿಗೆ ಹೊರಟರೂ ಕಾಲು ಹೋಗುವ ದಾರಿ ಒಂದು, ಕಣ್ಣು ನೋಡುವ ದಿಕ್ಕು ಇನ್ನೊಂದು. ಕತ್ತು ಸದಾ ಅರ್ಕಾವತಿ ಹೊಳೆಯ ಕಡೆಗೇ ತಿರುಗಿರುತ್ತದೆ. ತೀರಿಹೋದ ಗಂಡ ಲೈನ್‌ಮನ್ ಆಗಿದ್ದ ಕಾಲದ ಖಾಕಿ ಕೋಟನ್ನು ಸೀರೆಯ ಮೇಲೆ ಬೇಸಗೆಯಲ್ಲೂ ತೊಡುತ್ತಾರೆ. ಕಾರಣ ಕೇಳಿದರೆ ಒಂದೇ ಉತ್ತರ: “ಯಾತುಕ್ಕೂ ಇರ್ಲಿ ಅಂತ, ಮೇಷ್ಟ್ರೇ.”

ನಮ್ಮ ಮಂಟಪದೊಡ್ಡಿ ಕನಕಪುರದ ಕಡೆಯ ಹಳೆಯ ಊರು. ಪಾಳೇಗಾರರ ಕಾಲದ್ದೆನ್ನುವ ಕಲ್ಲುಮಂಟಪವೂ ಹೊಳೆಗಿಳಿಯುವ ಮೆಟ್ಟಿಲುಗಳೂ ಇರುವುದರಿಂದ ಭಾನುವಾರ ಬೆಂಗಳೂರಿನವರು ಫೋಟೊ ತೆಗೆಯಲು ಇಲ್ಲಿಗೆ ಬರುತ್ತಾರೆ. ಉಳಿದ ದಿನ ನಮ್ಮವರೇ ಅಲ್ಲಿಗೆ ಹೋಗುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಅರ್ಧ ಊರು ಸ್ಕೂಟರಿನಲ್ಲೋ ಮುಷರಫನ ಟೆಂಪೊದಲ್ಲೋ ಹೊರಟು, ಕೈಗೋಡೆಯಿಲ್ಲದ ತಗ್ಗು ಸೇತುವೆ ದಾಟಿ, ಹಾರೋಹಳ್ಳಿಯ ಕಾರ್ಖಾನೆಗಳಿಗೂ ಅದರಾಚೆಯ ನಗರಕ್ಕೂ ಹಂಚಿಹೋಗಿ, ದೀಪ ಹಚ್ಚುವ ಹೊತ್ತಿಗೆ ಅದೇ ಸೇತುವೆಯ ಮೇಲೆ ಮರಳುತ್ತದೆ.

ಮೆಟ್ಟಿಲುಗಳಲ್ಲೊಂದರ ಮೇಲೆ ಮೀನಿನ ಕೆತ್ತನೆಯಿದೆ. ಆ ಮೀನು ಮುಳುಗಿತೆಂದರೆ ಸೇತುವೆ ದಾಟುವಂತಿಲ್ಲ. ಆಗ ಮಂಟಪದ ಕಂಬಕ್ಕೆ ಕೆಂಪು ಸೀರೆ ಕಟ್ಟಬೇಕು; ಆಚೆ ದಡದ ತಿರುವಿನಲ್ಲಿ ಅದನ್ನು ಕಂಡವರು ಮೇಲಿನ ದೊಡ್ಡ ಸೇತುವೆಯ ಸುತ್ತುದಾರಿ ಹಿಡಿಯಬೇಕು. ಕಟ್ಟುವ ಕೆಲಸ ಹೊಳೆಯಂಚಿನ ಮನೆಯದು, ಅತ್ತೆಯಿಂದ ನಾಗಲಕ್ಷ್ಮಮ್ಮನವರಿಗೆ ಬಂದದ್ದು. ಅತ್ತೆಯ ಕಾಲದಲ್ಲಿ ನೀರು ನೀರಿನಂತೆ ಕಾಣುತ್ತಿತ್ತು. ಈಗ ಬೆಂಗಳೂರಿನಲ್ಲಿ ಮಳೆಯಾದರೆ ಅಲ್ಲಿನ ಕೊಳಚೆಯೆಲ್ಲ ಇಳಿದುಬಂದು, ಹತ್ತಿಯ ರಾಶಿಯಂಥ ನೊರೆ ಸೇತುವೆಯನ್ನೂ ಮೆಟ್ಟಿಲನ್ನೂ ಮುಚ್ಚಿಬಿಡುತ್ತದೆ. ಅದರ ಕೆಳಗೆ ನೀರು ಎಷ್ಟಿದೆಯೆಂದು ಯಾರಿಗೂ ತಿಳಿಯದು.

ಕಳೆದ ಮಳೆಗಾಲದ ಮೊದಲ ನೊರೆಗೇ ಅವರು ಸೀರೆ ಕಟ್ಟಿದರು. ಊರೆಲ್ಲ ಸುತ್ತಿ ಬಳಸಿ ಮನೆ ಸೇರಿತು. ಬೆಳಗ್ಗೆ ಗಾಳಿಗೆ ನೊರೆ ಹಾರಿದಾಗ ನೋಡಿದರೆ ಕಲ್ಲಿನ ಮೀನು ನೀರಿನಿಂದ ಎಷ್ಟೋ ಮೇಲಿತ್ತು.

“ಏನವ್ವಾ, ನೊರೆಗೂ ಸಿಗ್ನಲ್ಲಾ?” ಎಂದ ಮುಷರಫ್. “ನಾಳಿಕ್ಕೆ ಕಾಪಿ ಲೋಟದಾಗೆ ನೊರೆ ಕಂಡ್ರೂ ಸೀರೆ ಕಟ್ಬುಟ್ಟೀಯ!”

ಟೆಂಪೊದಲ್ಲಿದ್ದವರೆಲ್ಲ ನಕ್ಕರು, ನಾಗಲಕ್ಷ್ಮಮ್ಮನವರೂ ನಕ್ಕರು. ಸೊಸೆ ಭಾನುಪ್ರಿಯ ಮಾತ್ರ ನಗಲಿಲ್ಲ. ಬೆಂಗಳೂರಿನ ಔಷಧದ ಅಂಗಡಿಯೊಂದರಲ್ಲಿ ದಿನವಿಡೀ ನಿಂತು, ಮತ್ತೆ ಸ್ಕೂಟರಿನಲ್ಲಿ ಬೆನ್ನು ನೋಯಿಸಿಕೊಂಡು ಬರುವ ಹುಡುಗಿ. “ಅತ್ತೆ, ನಿಮ್ ಭಯಕ್ಕೆ ನಾವ್ ಪೆಟ್ರೋಲ್ ಹಾಕ್ಬೇಕಾ?” ಎಂದುಬಿಟ್ಟಳು. ಆ ಮಾತು ಅವರೊಳಗೆ ಮುರಿದ ಮುಳ್ಳಿನಂತೆ ಉಳಿಯಿತು.

ಕೆಲವು ವಾರಗಳಾದ ಮೇಲೆ ಮತ್ತೆ ನೊರೆ ಬಂತು. ಜಿನುಗುಮಳೆಯ ಸಂಜೆ. ನಾನು ಮಂಟಪದ ಬಳಿ ಹೋದಾಗ ಅವರು ಸೀರೆಯನ್ನು ಎದೆಗವಚಿಕೊಂಡು ಕಂಬದವರೆಗೆ ಹೋಗುವುದು, ಹಿಂದಿರುಗುವುದು, ಮತ್ತೆ ಹೋಗುವುದು ಮಾಡುತ್ತಿದ್ದರು.

“ಮೇಷ್ಟ್ರೇ, ಕಟ್ಲಾ, ಬ್ಯಾಡ್ವಾ? ಯೋಳಿ.”

“ನೊರೆ ಕೆಳಗೆ ಏನೈತೋ, ನನಗೂ ಕಾಣದಲ್ಲ ತಾಯಿ.”

“ಕಟ್ಟುದ್ರೆ ನಗ್ತಾರೆ. ಕಟ್ದೆ ಇದ್ರೆ…”

ಮಾತು ಮುಗಿಯುವ ಮೊದಲೇ ಆಚೆ ದಡದಲ್ಲಿ ತಿರುವು ಕಳೆದು ಇಳಿಜಾರಿಗೆ ಬರುತ್ತಿದ್ದ ಸ್ಕೂಟರಿನ ದೀಪ ಕಂಡಿತು. ಒಂದು ಕಡೆಗೆ ವಾಲಿದ ಆ ದೀಪ ಭಾನುಪ್ರಿಯಳದೇ. ಮಳೆಯ ದಿನ ಅವಳ ಫೋನು ಸೀಟಿನ ಕೆಳಗಿರುತ್ತದೆ. ಕೂಗಿದರೆ ಹೊಳೆಯ ಸದ್ದು ನುಂಗುತ್ತದೆ. ತಿರುವು ದಾಟಿದವಳಿಗೆ ಮಂಟಪದ ಕಂಬ ಕಾಣುವುದೂ ಇಲ್ಲ.

ನಾನು ತಡೆಯುವಷ್ಟರಲ್ಲಿ ಆ ತಾಯಿ ಕೆಂಪು ಸೀರೆಯನ್ನು ಎರಡೂ ಕೈಗಳಲ್ಲಿ ಅಗಲಿಸಿ ಹಿಡಿದು ಸೇತುವೆಗೆ ಇಳಿದೇಬಿಟ್ಟರು. ನೊರೆ ಸೊಂಟಕ್ಕೆ ಬಂತು, ಎದೆಗೆ ಬಂತು. ಖಾಕಿ ಕೋಟು ಮರೆಯಾಗಿ, ಬಿಳುಪಿನ ಮೇಲೆ ಕೆಂಪೊಂದೇ ಹಾರಾಡುತ್ತಿತ್ತು. ಆಚೆಯ ದೀಪ ಇಳಿಜಾರಿನಲ್ಲಿ ಜಾರಿ, ಓಲಾಡಿ, ನೊರೆಯ ಅಂಚಿಗೆ ಬಂದು ನಿಂತಿತು. ಅಷ್ಟರಲ್ಲಿ ಇವರ ಕಾಲು ಸೆಳವಿಗೆ ಸಿಕ್ಕಿತು. ಕೆಳಗೆ ನೀರು ಮೊಣಕಾಲು ಮೀರಿತ್ತು. ನನ್ನ ಕೂಗಿಗೆ ಓಡಿಬಂದ ನೆರೆಮನೆಯ ಲಕ್ಷ್ಮಯ್ಯ ದನದ ಹಗ್ಗವನ್ನು ಸೊಂಟಕ್ಕೆ ಬಿಗಿದು, ತುದಿಯನ್ನು ನನ್ನ ಕೈಗೆ ಕೊಟ್ಟು ಧುಮುಕಿ, ಕೋಟಿನ ಕಾಲರು ಹಿಡಿದು ಎಳೆದುತಂದ.

ಸುತ್ತುದಾರಿಯಲ್ಲಿ ಮನೆ ಸೇರಿದ ಭಾನುಪ್ರಿಯ ಅಳುತ್ತಲೇ ಬೈದಳು: “ನೀವು ಕೊಚ್ಕೊಂಡ್ ಹೋಗಿದ್ರೆ ನಾನ್ ಏನ್ ಮಾಡ್ಬೇಕಿತ್ತು ಅತ್ತೆ?”

“ನಾನ್ಯಾಕವ್ವ ಕೊಚ್ಕೊಂಡ್ ಹೋಗ್ಲಿ? ಇಡ್ಕೊಳಕ್ಕೆ ಕೋಟಿತ್ತಲ್ಲ!”

ಈಗ ಊರು ನಗುವುದಿಲ್ಲ. ಮುಷರಫನೇ ತಿರುವಿನಲ್ಲಿ ಟೆಂಪೊ ನಿಲ್ಲಿಸಿ, ಫೋನಿನಲ್ಲಿ “ದಾಟ್ಲಾ, ಅವ್ವಾ?” ಎಂದು ಕೇಳುತ್ತಾನೆ. ಇಷ್ಟಾದರೂ ಅವರಿಗೆ ಸಮಾಧಾನವಿಲ್ಲ. ಹೊಳೆಯ ತಳ ಕಾಣುವ ದಿನವೂ ಉತ್ತರ ಕೊಡಲು ತಡವರಿಸುತ್ತಾರೆ. ನಾನು ಸಿಕ್ಕಾಗಲೆಲ್ಲ ದನಿ ತಗ್ಗಿಸಿ ಹೇಳುವುದು ಒಂದೇ ಮಾತು: “ಅವತ್ತು ಒಸಿ ವೊತ್ತು ಸುಮ್ನೆ ನಿಂತ್ಬುಟ್ಟೆ ಕಣಿ.”

ಪರರಿಗಾಗಿ ಹೆದರುವ ಜೀವಗಳ ಪಾಡೇ ಹೀಗೆಂದು ತೋರುತ್ತದೆ. ಅವರ ಭಯ ಸುಳ್ಳಾದಾಗ ನಾವು ನಗುತ್ತೇವೆ, ನಿಜವಾದಾಗ ಕೈಮುಗಿಯುತ್ತೇವೆ. ಎರಡೂ ಅವರನ್ನು ಮುಟ್ಟುವುದಿಲ್ಲ. ತಾವು ಉಳಿಸಿದ ಜೀವ ಕಣ್ಣೆದುರು ಓಡಾಡುತ್ತಿದ್ದರೂ, ಅದನ್ನು ಉಳಿಸುವ ಮೊದಲು ಅನುಮಾನಿಸಿದ ಆ ಗಳಿಗೆಯಲ್ಲೇ ಅವರು ಇನ್ನೂ ನಿಂತಿರುತ್ತಾರೆ.