ಗ್ಯಾರೇಜಿನ ನೆಲ ಬೆಚ್ಚಗಾಗುವವರೆಗೆ

“ಮಂಚ ಯಾವ ಗೋಡೆಗೆ ಬರ್ತದೆ ಅಕ್ಕ?”

ಬಡಗಿ ಭೋಜನ ಕೈಯಲ್ಲಿ ಪೆನ್ಸಿಲ್ ಇತ್ತು. ಗ್ಯಾರೇಜಿನ ತೆಳ್ಳನೆಯ ಇಟ್ಟಿಗೆ ಗೋಡೆಗೆ ಅವನು ಒಳಗಿನಿಂದ ಮರದ ಚೌಕಟ್ಟು ಕಟ್ಟಿ, ಚಳಿ ತಡೆಯುವ ದಪ್ಪ ಹಲಗೆಗಳನ್ನು ಸಂದುಗಳಲ್ಲಿ ತುಂಬಿಸಿದ್ದ. ಆ ದಿನ ವೈರ್ ಎಳೆದು ಮುಗಿಸಿದರೆ ಮಾರನೆಯ ದಿನ ಅದರ ಮೇಲೆ ಪ್ಲಾಸ್ಟರ್‌ಬೋರ್ಡ್ ಹಾಕಿ ಮುಚ್ಚುವುದೆಂದು ನಿಗದಿಯಾಗಿತ್ತು.

“ಕಿಟಕಿ ಎದುರಿಗೆ,” ಎಂದಳು ಕೃಷ್ಣವೇಣಿ.

“ಹಂಗಾರೆ ಸಾಕೆಟ್ ಎರಡೂ ಬದಿಗೆ ಹಾಕುವಾ. ಸರ್‌ಗೊಂದು, ನಿಮ್ಗೊಂದು. ಬೋರ್ಡ್ ಮುಚ್ಚಿದ ಮೇಲೆ ನೆನಪಾದ್ರೆ ಒಡೀಬೇಕಾಗ್ತದೆ, ಕಾಣಿ.”

“ಒಂದು ಬದಿ ಸಾಕು.”

“ಎಂತ ಅಕ್ಕ, ಫೋನ್ ಚಾರ್ಜಿಗೆ ಹಾಕೂಕೆ ದಿನಾ ಸರ್ ಹೊಟ್ಟೆ ಮೇಲೆ ಹತ್ತಿ ಹೋಗ್ತೀರಾ?”

ಅವನ ನಗೆಗೆ ಅವಳು ನಗಲಿಲ್ಲ. “ಸಿಂಗಲ್ ಮಂಚ ಭೋಜ. ಒಂದೇ ಹಾಕು.”

ಭೋಜ ಕುಂದಾಪುರದ ಕಡೆಯವನು. ಹತ್ತು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು, ಬೆನ್ನು ಸೋತ ಮೇಲೆ ಮರಗೆಲಸ ಕಲಿತು ಈಗ ಇಲ್ಫರ್ಡಿನಲ್ಲಿ ಮನೆ ರಿಪೇರಿ ವಹಿಸಿಕೊಳ್ಳುತ್ತಿದ್ದ. ಬೇರೆಯವರ ಮನೆಯೊಳಗೆ ಕೆಲಸ ಮಾಡಿ ಮಾಡಿ, ಯಾವುದನ್ನು ಮತ್ತೆ ಕೇಳಬಾರದೆಂದು ಅವನಿಗೆ ತಿಳಿದಿತ್ತು. ಚೌಕಟ್ಟಿನ ಮೇಲೆ ಒಂದೇ ಗುರುತು ಹಾಕಿದ.

ಎಜ್‌ವೇರ್‌ನ ಆ ಮನೆಗೆ ಬಂದು ಮೂವತ್ತು ವರ್ಷ ದಾಟಿತ್ತು. ಗ್ಯಾರೇಜಿನಲ್ಲಿ ಒಂದು ದಿನವೂ ಕಾರು ನಿಂತದ್ದಿಲ್ಲ. ಸೂಟ್‌ಕೇಸು, ಅಕ್ಕಿಮೂಟೆ, ಈಗ ಲೀಡ್ಸಿನಲ್ಲಿರುವ ಮಗಳು ಜಾಹ್ನವಿಯ ಸೈಕಲ್ಲು ಅಲ್ಲೇ ತಣ್ಣಗೆ ಕೂತಿದ್ದವು. ಕೃಷ್ಣವೇಣಿಯ ಗಂಡ ಸತ್ಯಪ್ರಕಾಶ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಿಂದ ನಿವೃತ್ತನಾದ ಮೂರನೆಯ ವರ್ಷಕ್ಕೆ ಅವನ ಬಲಗೈ ನಡುಗತೊಡಗಿತು. ಪಾರ್ಕಿನ್ಸನ್ ಎಂದರು. ಈಗ ಎಪ್ಪತ್ತೆರಡನೆಯ ವಯಸ್ಸಿಗೆ, ಅವಳು ಹಿಂದಿನಿಂದ ಸೊಂಟಕ್ಕೆ ಕೈಕೊಟ್ಟು ದೂಡದಿದ್ದರೆ ಮೆಟ್ಟಿಲು ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ಮಲಗುವ ಕೋಣೆ ಮೇಲಿತ್ತು. ಹದಿಮೂರು ಮೆಟ್ಟಿಲು, ನಡುವೆ ಒಂದು ತಿರುವು.

ಕೌನ್ಸಿಲಿನಿಂದ ಬಂದ ಹೆಂಗಸು ಮನೆಯನ್ನೆಲ್ಲ ನೋಡಿ ಎರಡು ದಾರಿ ಹೇಳಿದ್ದಳು. ಕುರ್ಚಿಯಲ್ಲಿ ಕೂತು ಮೆಟ್ಟಿಲೇರುವ ಸ್ಟೇರ್‌ಲಿಫ್ಟ್ ಹಾಕಿಸುವುದು, ಇಲ್ಲವೇ ಅವನ ಬದುಕನ್ನೇ ಕೆಳಕ್ಕೆ ಇಳಿಸುವುದು.

ಸ್ಟೇರ್‌ಲಿಫ್ಟಿನವನು ಅಳತೆಗೆ ಬಂದದ್ದು ಸತ್ಯಪ್ರಕಾಶ ಮಧ್ಯಾಹ್ನದ ಮಾತ್ರೆ ನುಂಗಿ ಮಲಗಿದ್ದ ಹೊತ್ತಿನಲ್ಲಿ. ತಿರುವಿನ ಹತ್ತಿರ ಟೇಪು ಹಿಡಿದು, ಇದೇನೂ ತೊಂದರೆಯಿಲ್ಲ, ಬಾಗಿದ ಕಂಬಿ ಮಾಡಿಸಿದರಾಯಿತು, ಆರು ವಾರ ಸಾಕು ಎಂದ. ಕೃಷ್ಣವೇಣಿ ಅವನಿಗೆ ಚಹಾ ಕೊಟ್ಟು, ಯೋಚಿಸಿ ಹೇಳುತ್ತೇನೆಂದು ಕಳಿಸಿದಳು. ಗಂಡ ಎದ್ದ ಮೇಲೆ, “ತಿರುವು ತುಂಬಾ ಇಕ್ಕಟ್ಟಂತೆ ರೀ. ಕೂರಲ್ವಂತೆ,” ಎಂದಳು.

ಅಷ್ಟು ಸಲೀಸಾಗಿ ಬಾಯಿಗೆ ಬಂದ ಸುಳ್ಳು ಅವಳನ್ನೇ ಬೆರಗುಗೊಳಿಸಿತು. ಆದರೆ ಅದರ ಹಿಂದೆ ಒಂದು ವರ್ಷದ ರಾತ್ರಿಗಳಿದ್ದವು.

ಅವನು ನಿದ್ದೆಯಲ್ಲಿ ಹೊಡೆಯುತ್ತಿದ್ದ. ಅದು ಈ ಕಾಯಿಲೆಯ ಒಂದು ಲಕ್ಷಣ, ಕನಸಿನಲ್ಲಿ ಆಗುವುದನ್ನು ಮೈ ಆಡಿ ತೋರಿಸುತ್ತದೆ, ಅವರಿಗೆ ಏನೂ ಗೊತ್ತಾಗುವುದಿಲ್ಲ ಎಂದು ನರ್ಸ್ ವಿವರಿಸಿದ್ದಳು. ಮಾತ್ರೆ ಕೊಟ್ಟಳು. ಒದೆತ ಕಡಿಮೆಯಾಯಿತು, ಕೈ ನಿಲ್ಲಲಿಲ್ಲ. ಎಚ್ಚರದಲ್ಲಿ ಚಮಚ ಹಿಡಿಯಲಾರದ ಕೈಗೆ ಕತ್ತಲಲ್ಲಿ ಎಲ್ಲಿಂದಲೋ ಬಲ ಬರುತ್ತಿತ್ತು. ಎಡ ತೋಳು, ಎಡ ದವಡೆ. ಅವಳು ಮಲಗುವುದು ಅವನ ಬಲಕ್ಕೆ.

ಆ ಕೈ ಅವಳಿಗೆ ಹೊಸದಾಗಿರಲಿಲ್ಲ. ತೊಂಬತ್ತನಾಲ್ಕರಲ್ಲಿ ಅವನ ಮೊದಲ ಕೆಲಸ ಹೋದಾಗ, ಇದೇ ಮನೆಯಲ್ಲಿ, ಪೂರ್ತಿ ಎಚ್ಚರದಲ್ಲಿ, ಮೂರು ಸಲ. ನಾಲ್ಕನೆಯದು ಇರಲಿಲ್ಲ. ಹೊಸ ಕೆಲಸ ಸಿಕ್ಕಿತು, ಅವನು ಮೆತ್ತಗಾದ. ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋದರೆ, ನಿಮ್ಮವರ ಹಾಗೆ ಹೆಂಡತಿಯ ತಟ್ಟೆಗೆ ತಾವೇ ಬಡಿಸುವ ಗಂಡಸರು ಎಲ್ಲಿದ್ದಾರೆ ಎಂದು ಹೆಂಗಸರು ಹೇಳುವಷ್ಟು ಮೆತ್ತಗೆ. ಆ ಮೂರು ಸಲದ ಮಾತನ್ನು ಅವನು ಎಂದೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಎತ್ತದೆ ಇದ್ದುದರಿಂದ ಮುಗಿದಿದೆ ಎಂದುಕೊಂಡಿದ್ದಳು. ಈಗ ಅವನ ಪಕ್ಕ ಕಣ್ಣು ಬಿಟ್ಟು ಮಲಗಿ, ಮನುಷ್ಯ ಮರೆತದ್ದನ್ನು ಕೈ ಮರೆಯುವುದಿಲ್ಲವೇನೋ ಎಂದು ಯೋಚಿಸುವಳು. ಕಾಯಿಲೆಯವನ ಬಗ್ಗೆ ಹೀಗೆ ಯೋಚಿಸುವುದು ಪಾಪ ಎನಿಸುವುದು. ಅಷ್ಟರಲ್ಲಿ ತೋಳಿಗೆ ಇನ್ನೊಂದು ಬೀಳುವುದು.

ಮಗಳ ಕೋಣೆಗೆ ಹೋಗಿ ಮಲಗಿ ನೋಡಿದ್ದಳು. ಅವನು ಗೋಡೆ ಹಿಡಿದುಕೊಂಡು ಬಂದು ಬಾಗಿಲು ಬಡಿದ. “ನಾನೇನು ಹೊರಗಿನವನೇನೇ, ಚಿಲಕ ಹಾಕ್ಕೊಂಡಿದೀಯಾ?” ಮೂರನೆಯ ದಿನ ಅದೇ ಬಾಗಿಲ ಮುಂದೆ ಜಾರಿ ಬಿದ್ದ. ಆಂಬುಲೆನ್ಸಿನವರು ಎತ್ತಿ ಕೂರಿಸಿದರು. ಅವಳು ಹಳೆಯ ಮಂಚಕ್ಕೆ ಮರಳಿದಳು. ಚಿಲಕದಿಂದ ಆಗದ ಕೆಲಸ ಮೆಟ್ಟಿಲಿನಿಂದ ಆಗುತ್ತದೆಂದು ಹೊಳೆದದ್ದು ಆಮೇಲೆ. ಅವನು ಕೆಳಗಿದ್ದು ತಾನು ಮೇಲಿದ್ದರೆ, ಹದಿಮೂರು ಮೆಟ್ಟಿಲು ದಾಟಿ ಆ ಕೈ ಬರಲಾರದು. ಅವಳಿಗೆ ಬೇಕಾದದ್ದು ಇಷ್ಟೇ. ಅರವತ್ತಾರನೆಯ ವಯಸ್ಸಿನಲ್ಲಿ, ಬೆಳಗಿನವರೆಗೆ ಒಂದು ನಿದ್ದೆ.

ಗ್ಯಾರೇಜಿನ ಕೆಲಸ ಅಕ್ಟೋಬರಿನಲ್ಲಿ ಶುರುವಾಯಿತು. ಎತ್ತುವ ಬಾಗಿಲು ಹೋಗಿ ಇಟ್ಟಿಗೆ, ಕಿಟಕಿ ಬಂದವು. ಮೂಲೆಗೆ ಸ್ನಾನದ ಮನೆ ಬಂತು. ತಣ್ಣನೆಯ ಕಾಂಕ್ರೀಟಿನ ಮೇಲೆ ತೇವ ಏರದಂತೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಲಗೆ, ಅದರ ಮೇಲೆ ನೆಲ ಕಾಯಿಸುವ ವೈರು. ಕಾಲೆಳೆದು ನಡೆಯುವವರಿಗೆ ಎಡವಲು ಎಲ್ಲೂ ಏಣು ಇರದಂತೆ ಭೋಜ ನೆಲವನ್ನು ಅಡುಗೆಮನೆಯ ಮಟ್ಟಕ್ಕೆ ತಂದ. ಸತ್ಯಪ್ರಕಾಶ ದಿನಾ ವಾಕರ್ ಹಿಡಿದು ಬಂದು ನೋಡುತ್ತಿದ್ದ.

“ಟೀವಿ ಇಲ್ಲಿ. ನಿನ್ನ ದೇವರು ಆ ಮೂಲೇಲಿ ಇರ್ಲಿ. ನಮ್ಮಿಬ್ರಿಗೆ ಇನ್ನೇನು ಬೇಕು ಹೇಳು?” ಎನ್ನುತ್ತಿದ್ದ.

ಅವಳು “ಹೂಂ” ಎನ್ನುತ್ತಿದ್ದಳು. ಸಿಂಗಲ್ ಮಂಚದ ಮಾತನ್ನು, ಮಂಚ ಬಂದ ದಿನ ನೋಡೋಣವೆಂದು ಮುಂದೆ ತಳ್ಳಿದ್ದಳು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಭೋಜ ಮೊದಲ ಸಲ ನೆಲಕ್ಕೆ ಕರೆಂಟು ಕೊಟ್ಟ. ಗೋಡೆಗೆ ಎರಡನೆಯ ಕೋಟು ಬಣ್ಣ ಬಳಿಯುತ್ತಾ ಕಾಯೋಣವೆಂದ. ಒಂದು ಗಂಟೆ ಕಳೆಯುವಷ್ಟರಲ್ಲಿ ನೆಲ ಬೆಚ್ಚಗಾಯಿತು. ಸತ್ಯಪ್ರಕಾಶ ಕಾಲುಚೀಲ ಬಿಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತು, ಪಾದ ಊರಿ, ಮಗುವಿನ ಹಾಗೆ ಕಣ್ಣು ಮುಚ್ಚಿದ.

“ನಮ್ಮೂರಿನ ಮಧ್ಯಾಹ್ನ ಇದ್ದಂಗಿದೆ ಭೋಜ! ಆ ಹಾಳು ಮೆಟ್ಟಿಲಿಗೆ ಲಿಫ್ಟ್ ಕೂರಲ್ಲ ಅಂದದ್ದೇ ಒಳ್ಳೇದಾಯ್ತು.”

ಭೋಜ ರೋಲರನ್ನು ಬಣ್ಣದಲ್ಲಿ ಅದ್ದುತ್ತಾ, “ಯಾರು ಸರ್ ಹಂಗಂದದ್ದು? ಇದೇ ನಮೂನೆ ತಿರುವು ನಮ್ಮತ್ತೆ ಮನೇಲೂ ಉಂಟು. ಬಾಗಿದ ಕಂಬಿ ಹಾಕಿ ಎರಡೇ ದಿನದಲ್ಲಿ ಕೂರಿಸಿದ್ರು ಮಾರಾಯ್ರೆ. ನಮ್ಮತ್ತೆ ಈಗ ಮಹಾರಾಣಿ ಹಂಗೆ ಮೇಲೆ ಕೆಳಗೆ ಓಡಾಡ್ತ್ರು,” ಎಂದ. ಹೇಳಿದ ಮೇಲೆ ಕೃಷ್ಣವೇಣಿಯ ಮುಖ ನೋಡಿದ. ರೋಲರು ಬಕೆಟ್ಟಿನಲ್ಲೇ ನಿಂತಿತು.

ಸತ್ಯಪ್ರಕಾಶ ಕಣ್ಣು ತೆರೆದ.

“ಅವನು ಬಂದಾಗ ನಾನು ಮಲಗಿದ್ದೆ ಅಲ್ವಾ?” ಎಂದು ಕೇಳಿದ.

“ಹೌದು.”

“ಕೂರಲ್ಲ ಅಂದ್ನಾ ಅವನು?”

“ಕೂರತ್ತೆ ಅಂದ. ಬೇಡ ಅಂತ ನಾನೇ ಕಳಿಸ್ದೆ.”

“ಯಾಕೆ?”

ಇನ್ನೊಂದು ಸುಳ್ಳು ಸುಲಭವಿತ್ತು. ಕರೆಂಟು ಹೋದರೆ ನಡುವೆ ಸಿಕ್ಕಿಕೊಳ್ಳುತ್ತೀರಿ ಎಂದು ಹೆದರಿದೆ ಎಂದಿದ್ದರೆ ಅವನು ನಂಬುತ್ತಿದ್ದ. ಅವಳು ಸ್ವೆಟರಿನ ಎಡ ತೋಳನ್ನು ಭುಜದವರೆಗೆ ಮಡಿಸಿದಳು. ಹಸಿರು, ಹಳದಿ, ಮೊನ್ನೆಯ ನೀಲಿ.

ಅವನು ನೋಡಿದ. “ಅದು ಕಾಯಿಲೆ ಕಣೇ. ನಂಗೆ ಗೊತ್ತಾಗಲ್ಲ. ನರ್ಸೇ ಹೇಳಿದ್ರಲ್ಲ.”

“ತೊಂಬತ್ತನಾಲ್ಕರಲ್ಲಿ ಯಾವ ಕಾಯಿಲೆ ಇತ್ತು ರೀ?”

ಭೋಜ ಗೋಡೆಗೆ ಮುಖ ತಿರುಗಿಸಿದ್ದ. ಆಗಲೇ ಬಳಿದಾಗಿದ್ದ ಜಾಗದ ಮೇಲೆಯೇ ರೋಲರು ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು. ಹೊರಗೆ ಹೋಗಬೇಕೆಂದರೆ ಅವನು ಇವರಿಬ್ಬರ ನಡುವೆಯೇ ಹಾದು ಹೋಗಬೇಕಿತ್ತು.

ಸತ್ಯಪ್ರಕಾಶ, “ಇಷ್ಟು ವರ್ಷ ಲೆಕ್ಕ ಇಟ್ಕೊಂಡಿದ್ಯಾ?” ಎಂದ.

“ಇಟ್ಕೊಂಡಿರ್ಲಿಲ್ಲ. ನೀವು ಮಲಗಿ ನೆನಪು ಮಾಡಿಸ್ತಿದೀರಿ.”

“ಹಾಗಾದ್ರೆ ನಾನು ಇಲ್ಲಿ ಒಬ್ನೇ.”

“ಹೌದು. ಊಟ, ಮಾತ್ರೆ, ಸ್ನಾನ ಎಲ್ಲ ನಾನೇ ನೋಡ್ಕೋತೀನಿ. ಗಂಟೆ ಒತ್ತಿದ್ರೆ ಬರ್ತೀನಿ. ಮಲಗೋದು ಮಾತ್ರ ಮೇಲೆ.”

ಅವನು ಪಾದಗಳನ್ನು ನೆಲದಿಂದ ಎತ್ತಿಕೊಂಡ. ಕಾಲುಚೀಲ ಹಾಕೆಂದು ಬೆರಳಿನಿಂದ ತೋರಿಸಿದ. ಅವಳು ಮೊಣಕಾಲೂರಿ ಹಾಕಿದಳು.

ಮುಂದಿನ ವಾರ ಮಂಚ ಬಂತು. ಅವನು ತಕರಾರು ಮಾಡದೆ ಅದರ ಮೇಲೆ ಮಲಗಿದ. ಅವಳು ಮೇಲೆ ಹೋಗಿ ಒಂಬತ್ತು ಗಂಟೆ ನಿದ್ದೆ ಮಾಡಿದಳು. ಬೆಳಿಗ್ಗೆ ಎದ್ದಾಗ ದವಡೆ ಸಡಿಲವಾಗಿತ್ತು. ಇಷ್ಟು ದಿನ ಹಲ್ಲು ಕಚ್ಚಿಕೊಂಡೇ ಮಲಗುತ್ತಿದ್ದೆನೆಂದು ಆಗ ಗೊತ್ತಾಯಿತು. ಅಂಥ ನಾಲ್ಕು ರಾತ್ರಿ ಸಿಕ್ಕಿದವು.

ಐದನೆಯ ದಿನ ಸಂಜೆ ನಾಲ್ಕಕ್ಕೆ, ಹೊರಗೆ ಬೆಳಕು ಆರುತ್ತಿದ್ದಾಗ, ಅವಳು ಮೇಲೆ ಬಟ್ಟೆ ಮಡಿಸುತ್ತಿದ್ದಳು. ಮೆಟ್ಟಿಲಿನ ಕಡೆಯಿಂದ ಉಸಿರೆಳೆಯುವ ಸದ್ದು ಕೇಳಿ ಬಂದು ನೋಡಿದಳು. ಸತ್ಯಪ್ರಕಾಶ ನಾಲ್ಕನೆಯ ಮೆಟ್ಟಿಲಿನ ಮೇಲಿದ್ದ. ಎರಡೂ ಕೈಯಿಂದ ಮೆಟ್ಟಿಲ ಪಕ್ಕದ ಕಂಬಿ ತಬ್ಬಿಕೊಂಡಿದ್ದ. ವಾಕರ್ ಕೆಳಗೆ ಮಗುಚಿ ಬಿದ್ದಿತ್ತು.

“ವೇಣಿ, ಕೈ ಕೊಡು.”

ಅವಳು ಮೇಲಿನ ಮೆಟ್ಟಿಲಿನಲ್ಲಿ ಕೂತುಬಿಟ್ಟಳು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೆವರಿತ್ತು. ಬಿದ್ದರೆ ಸೊಂಟ ಮುರಿಯುತ್ತದೆ. ಇಳಿದು ಹೋಗಿ ಮೇಲಕ್ಕೆ ದೂಡಿದರೆ ಇಂದು ರಾತ್ರಿ ಪಕ್ಕದಲ್ಲಿರುತ್ತಾನೆ, ನಾಳೆಯೂ. ಕೂತೇ ಇದ್ದರೆ? ಆ ಪ್ರಶ್ನೆಯಲ್ಲಿ ಅವಳು ಎಷ್ಟು ಹೊತ್ತು ಇದ್ದಳೋ, ಅವನ ಬೆರಳುಗಳು ಒಂದೊಂದಾಗಿ ಕಂಬಿಯಿಂದ ಜಾರುವುದನ್ನು ನೋಡುವಷ್ಟು ಹೊತ್ತು.

ಆಮೇಲೆ ಇಳಿದಳು. ಅವನ ಪಕ್ಕದಿಂದ ಹಾದು ಕೆಳಗಿನ ಮೆಟ್ಟಿಲಿಗೆ ಹೋಗಿ, ಹೆಗಲು ಕೊಟ್ಟು, ಕೆಳಕ್ಕೆ ಇಳಿಸಿದಳು. ಅವನಿಗೆ ಅದು ಅರ್ಥವಾಯಿತು. “ಮೇಲಕ್ಕೆ ಕಣೇ, ಮೇಲಕ್ಕೆ,” ಎಂದ. ಅವಳು ಮಂಚದ ಮೇಲೆ ಕೂರಿಸಿ, ಮುಖ ಒರೆಸಿ, ಭೋಜನಿಗೆ ಫೋನ್ ಮಾಡಿದಳು.

ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಮೆಟ್ಟಿಲಿಗೆ ಹಾಕುವಂಥ ಗೇಟು. ಭೋಜ ಮಾರನೆಯ ದಿನವೇ ತಂದು ಮೊದಲ ಮೆಟ್ಟಿಲಿಗೆ ಕೂರಿಸಿದ. ಅದರ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಒತ್ತಿಕೊಂಡೇ ಮೇಲಕ್ಕೆ ಎತ್ತಬೇಕು. ನಡುಗುವ ಕೈಗೆ ಅದು ಆಗದ ಕೆಲಸ. ಭೋಜ ಎರಡು ಸಲ ತೆರೆದು ಮುಚ್ಚಿ ತೋರಿಸಿದ. ನಗೆಯಾಡಲಿಲ್ಲ. ಚಹಾ ಬೇಡವೆಂದ. ಹೋಗುವಾಗ ಗ್ಯಾರೇಜಿನ ಬಾಗಿಲಲ್ಲಿ ನಿಂತು, “ಬತ್ತೆ ಸರ್,” ಎಂದ.

ಜನವರಿಯಲ್ಲಿ ನರ್ಸ್ ಬಂದಳು. ಕೋಣೆಯನ್ನು ನೋಡಿ ಮೆಚ್ಚಿದಳು, ಬಗ್ಗಿ ನೆಲ ಮುಟ್ಟಿ ನೋಡಿದಳು. ಗೇಟು ಕಂಡು, ಎಷ್ಟೋ ಮನೆಯವರಿಗೆ ಇದು ಹೊಳೆಯುವುದೇ ಇಲ್ಲ, ಬೀಳುವುದು ತಪ್ಪುತ್ತದೆ ಎಂದು ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಂಡಳು. ಅದು ನಿಜವೂ ಆಗಿತ್ತು. ರಾತ್ರಿ ನಿದ್ದೆ ಹೇಗಿದೆ ಎಂದು ಅವನನ್ನು ಕೇಳಿದಳು. ಬೇರೇನಾದರೂ ಹೇಳುವುದಿದೆಯೇ ಎಂದೂ ಕೇಳಿದಳು.

ಸತ್ಯಪ್ರಕಾಶ ಹೆಂಡತಿಯ ಕಡೆ ನೋಡಿದ. ಆಮೇಲೆ ತನ್ನ ಹಳೆಯ ಆಫೀಸಿನ ಇಂಗ್ಲಿಷಿನಲ್ಲಿ, ಎಲ್ಲ ಅನುಕೂಲವಾಗಿದೆ, ನನ್ನ ಹೆಂಡತಿ ಎಲ್ಲವನ್ನೂ ಯೋಚಿಸಿಯೇ ಮಾಡಿದ್ದಾಳೆ ಎಂದ.

ನರ್ಸನ್ನು ಕಳಿಸಿ ಕೃಷ್ಣವೇಣಿ ಒಳಗೆ ಬಂದಳು. ಅವನ ಹೊದಿಕೆ ಸರಿಮಾಡುತ್ತಾ, “ಅವಳು ಕೇಳಿದ್ಲಲ್ಲ. ಯಾಕೆ ಹೇಳ್ಲಿಲ್ಲ ನೀವು?” ಎಂದಳು.

“ಏನಂತ ಹೇಳ್ಲಿ?” ಅವನು ಕಿಟಕಿಯ ಕಡೆ ಮುಖ ಮಾಡಿದ್ದ. “ಅವಳು ಹತ್ತು ನಿಮಿಷ ಇದ್ದು ಹೋಗ್ತಾಳೆ. ಆಮೇಲೆ ಮನೇಲಿರೋದು ನೀನು, ನಾನು.”

ಹೊದಿಕೆಯ ಅಂಚು ಅವಳ ಕೈಯಲ್ಲೇ ಉಳಿಯಿತು. ಇಂಥ ಉತ್ತರವನ್ನು ಯಾರೂ ಅವಳಿಗೆ ವಿವರಿಸಬೇಕಾಗಿರಲಿಲ್ಲ, ತೊಂಬತ್ತನಾಲ್ಕರಲ್ಲಿ ಯಾರಾದರೂ ಕೇಳಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು. ಅವನು ತನಗೆ ಹೆದರಲಿ ಎಂದು ಅವಳು ಯಾವತ್ತೂ ಬಯಸಿದವಳಲ್ಲ. ನಿದ್ದೆಯೊಂದನ್ನೇ ಕೇಳಿದ್ದಳು.

ಏನಾದರೂ ಹೇಳಬೇಕೆಂದು ನಿಂತಳು. ಅವನು ಕಣ್ಣು ಮುಚ್ಚಿದ. ನಿಜವಾಗಿ ನಿದ್ದೆ ಬಂದಿತ್ತೋ, ಅವಳು ಹೋಗಲೆಂದು ಮುಚ್ಚಿದ್ದನೋ, ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹೊದಿಕೆಯ ಕೆಳಗೆ ಬಲಗೈ ಒಮ್ಮೆ ಬಿಗಿದು ಸಡಿಲವಾಯಿತು.

ಅವಳು ಗ್ಯಾರೇಜಿನ ದೀಪ ಆರಿಸಿದಳು. ಗೇಟು ತೆರೆದು ದಾಟಿ, ಕೊಂಡಿ ಕೂತಿದೆಯೇ ಎಂದು ಎಳೆದು ನೋಡಿ, ಮೇಲೆ ಹೋದಳು.